ಅಗ್ಗಕ್ಕೆ ಸಿಕ್ಕ ಆನೆ

ಬೆಳಗ್ಗೆ ಬಾಗಿಲು ತೆರೆದು ನೋಡಿದರೆ ಮನೆಯ ಮುಂದೆ ನಿಲ್ಲಿಸಿದ್ದ ಕಾರು ಒಂದು ಮೂಲೆಗೆ ವಾಲಿಕೊಂಡು ನಿಂತಿದೆ. ನಾಲ್ಕೂ ಟೈರುಗಳಲ್ಲಿ ಗಾಳಿ ಸರಿಯಾಗಿಯೇ ಇದೆ. ಯಾರೂ ಡಿಕ್ಕಿ ಹೊಡೆದಿಲ್ಲ. ರಾತ್ರಿ ನೆಟ್ಟಗೆ ನಿಂತಿದ್ದ ಕಾರು ಬೆಳಗಾಗುವಷ್ಟರಲ್ಲಿ ಮಂಡಿಯೂರಿದ್ದು ಹೇಗೆ?

ಇಂಗ್ಲೆಂಡಿನಲ್ಲಿ ಹಳೆಯ ರೇಂಜ್ ರೋವರ್ ಕೊಂಡವರಿಗೆ ಇದು ಅಪರೂಪದ ದೃಶ್ಯವೇನಲ್ಲ. ಅದರಲ್ಲೂ 1994ರಲ್ಲಿ ಬಿಡುಗಡೆಯಾದ ಎರಡನೆಯ ತಲೆಮಾರಿನ ವಾಹನ ಕೊಂಡವರಂತೂ ಇದನ್ನು ನೋಡಿಯೇ ಇರುತ್ತಾರೆ. ಹೊಸದಾಗಿದ್ದಾಗ ಸಿರಿವಂತರು ಮಾತ್ರ ಕೊಳ್ಳಬಹುದಾಗಿದ್ದ ಕಾರು ಅದು. ವರ್ಷಗಳು ಉರುಳಿದಂತೆ ಬೆಲೆ ಇಳಿಯಿತು. ಚರ್ಮದ ಆಸನ, ಮರದ ಅಲಂಕಾರ, ಎಂಟು ಸಿಲಿಂಡರುಗಳ ಎಂಜಿನ್, ನಾಲ್ಕೂ ಚಕ್ರಗಳಿಗೆ ಶಕ್ತಿ ಇವೆಲ್ಲ ಹೊಸದೊಂದು ಸಣ್ಣ ಕಾರಿನ ಬೆಲೆಗಿಂತಲೂ ಕಡಿಮೆಗೆ ಕೈಗೆ ಬಂದವು. ಆನೆಯೇ ಅಗ್ಗಕ್ಕೆ ಸಿಕ್ಕಂತಾಯಿತು. ಆದರೆ ಆನೆಯ ಬೆಲೆ ಇಳಿದರೆ ಅದು ತಿನ್ನುವ ಮೇವು ಕಡಿಮೆಯಾಗುತ್ತದೆಯೇ? ವಾಲಿ ನಿಂತ ಕಾರು ಕೇಳುವ ಪ್ರಶ್ನೆ ಇದೇ. ಇದಕ್ಕೆ ಉತ್ತರ ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಇದೆ.

ಉಕ್ಕಿನ ಬದಲು ಗಾಳಿ

ಮೊದಲ ರೇಂಜ್ ರೋವರ್ ಬಂದದ್ದು 1970ರಲ್ಲಿ. ಆಗ ಕಾಡುಮೇಡು ಹತ್ತುವ ವಾಹನಗಳಿಗೆ ಲಾರಿಗಳಲ್ಲಿ ಇರುವಂತಹ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್ ಇರುತ್ತಿತ್ತು. ಕುಳಿತವರ ಬೆನ್ನುಮೂಳೆಗೆ ಅದರ ಪರಿಚಯ ಚೆನ್ನಾಗಿಯೇ ಆಗುತ್ತಿತ್ತು! ಎಂಜಿನಿಯರ್ ಸ್ಪೆನ್ ಕಿಂಗ್ ಅವರ ತಂಡ ರೇಂಜ್ ರೋವರಿಗೆ ಸುರುಳಿ ಸ್ಪ್ರಿಂಗುಗಳನ್ನು ಅಳವಡಿಸಿತು. ಹೊಲದಲ್ಲಿಯೂ ಓಡಬೇಕು, ಹೆದ್ದಾರಿಯಲ್ಲಿಯೂ ಸುಖವಾಗಿರಬೇಕು ಎಂಬುದು ಅದರ ಉದ್ದೇಶ. ಎರಡನೆಯ ತಲೆಮಾರಿನ ಕಾರಿನಲ್ಲಿ ಉಕ್ಕಿನ ಸುರುಳಿಯ ಜಾಗಕ್ಕೆ ಗಾಳಿ ತುಂಬಿದ ರಬ್ಬರ್ ಚೀಲಗಳು ಬಂದವು. ಚಕ್ರಕ್ಕೊಂದರಂತೆ ನಾಲ್ಕು.

ಇದರಿಂದ ಏನು ಲಾಭ? ಒಂದು ಲೆಕ್ಕ ಮಾಡಿ ನೋಡೋಣ. ಒಂದು ಚಕ್ರದ ಮೇಲೆ 500 ಕಿ.ಗ್ರಾಂ. ಭಾರವಿದೆ ಎಂದುಕೊಳ್ಳಿ. ಅಲ್ಲಿರುವ ಉಕ್ಕಿನ ಸ್ಪ್ರಿಂಗನ್ನು 1 ಮಿ.ಮೀ. ಕುಗ್ಗಿಸಲು 35 ನ್ಯೂಟನ್ ಬಲ ಬೇಕು ಎಂದಿಟ್ಟುಕೊಳ್ಳಿ. ಈಗ ಹಿಂದಿನ ಸೀಟಿನಲ್ಲಿ ಜನ ಕುಳಿತು, ಸಾಮಾನೂ ತುಂಬಿ ಆ ಚಕ್ರದ ಮೇಲೆ ಮತ್ತೆ 150 ಕಿ.ಗ್ರಾಂ. ಹೇರಿದರೆ ಹೆಚ್ಚುವರಿ ಬಲ ಸುಮಾರು 1,470 ನ್ಯೂಟನ್. ಸ್ಪ್ರಿಂಗ್ 42 ಮಿ.ಮೀ. ಕುಗ್ಗುತ್ತದೆ. ಕಾರಿನ ಹಿಂಭಾಗ ಕುಸಿಯುತ್ತದೆ, ಮುಂದಿನ ದೀಪ ಮೇಲಕ್ಕೆತ್ತಿ ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಗಾಳಿಯ ಸ್ಪ್ರಿಂಗಿನಲ್ಲಿ ಹೀಗಾಗುವುದಿಲ್ಲ. ಚೀಲದ ಅಡ್ಡ ವಿಸ್ತೀರ್ಣ 100 ಚದರ ಸೆಂ.ಮೀ. ಎಂದುಕೊಂಡರೆ, 500 ಕಿ.ಗ್ರಾಂ. ಹೊರಲು ಬೇಕಾದ ಒತ್ತಡ ಸುಮಾರು 4,90,000 ಪಾಸ್ಕಲ್. ಅಂದರೆ ಹೊರಗಿನ ವಾಯುಭಾರಕ್ಕಿಂತ ಅದರ ಐದು ಪಟ್ಟಿನಷ್ಟು ಹೆಚ್ಚು. ಭಾರ 650 ಕಿ.ಗ್ರಾಂ. ಆದಾಗ ಪಂಪು ಇನ್ನಷ್ಟು ಗಾಳಿ ತುಂಬಿ ಒತ್ತಡವನ್ನು 6,37,000 ಪಾಸ್ಕಲಿಗೆ ಏರಿಸುತ್ತದೆ. ಕಾರಿನ ಎತ್ತರ ಮೊದಲಿನಷ್ಟೇ ಉಳಿಯುತ್ತದೆ. ಒತ್ತಡ ಏರಿದಂತೆ ಗಾಳಿಯ ಸ್ಪ್ರಿಂಗು ತಾನಾಗಿಯೇ ಬಿಗಿಯೂ ಆಗುತ್ತದೆ. ಆದ್ದರಿಂದ ಖಾಲಿ ಇದ್ದಾಗಲೂ, ಜನ ತುಂಬಿದಾಗಲೂ ಕಾರು ತೂಗುವ ಲಯ ಹೆಚ್ಚುಕಡಿಮೆ ಒಂದೇ. ಸುಖದ ಗುಟ್ಟು ಇಲ್ಲಿದೆ.

ಇಷ್ಟು ಕೆಲಸ ನಡೆಯಬೇಕಾದರೆ ಚೀಲಗಳು ಮಾತ್ರ ಸಾಲವು. ವಿದ್ಯುತ್ತಿನಿಂದ ಓಡುವ ಗಾಳಿ ಪಂಪು, ಗಾಳಿಯಲ್ಲಿನ ತೇವ ಹೀರುವ ಡಬ್ಬಿ, ಒತ್ತಿದ ಗಾಳಿ ಕೂಡಿಡುವ ತೊಟ್ಟಿ, ಯಾವ ಚೀಲಕ್ಕೆ ಗಾಳಿ ಹೋಗಬೇಕೆಂದು ತೆರೆದು ಮುಚ್ಚುವ ಕವಾಟಗಳು, ನಾಲ್ಕು ಮೂಲೆಗಳ ಎತ್ತರ ಅಳೆಯುವ ಸಂವೇದಕಗಳು, ಇವೆಲ್ಲವನ್ನೂ ಆಳುವ ಒಂದು ಪುಟ್ಟ ಕಂಪ್ಯೂಟರ್ ಬೇಕು.

ಒಂದು ಬಿರುಕಿನ ಪಯಣ

ಈಗ ವಾಲಿದ ಕಾರಿಗೆ ಬರೋಣ. ರಬ್ಬರಿಗೆ ವಯಸ್ಸಾಗುತ್ತದೆ. ಕಾರು ಓಡಲಿ, ನಿಂತಿರಲಿ, ಗಾಳಿಯಲ್ಲಿನ ಆಮ್ಲಜನಕ ಮತ್ತು ಓಝೋನ್ ಅದರ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತಲೇ ಇರುತ್ತವೆ. ಮಡಿಕೆ ಬೀಳುವ ಜಾಗದಲ್ಲಿ ಸಣ್ಣ ಬಿರುಕುಗಳೇಳುತ್ತವೆ. ಅಲ್ಲಿಂದ ಗಾಳಿ ಸೋರುತ್ತದೆ. ರಾತ್ರಿಯೆಲ್ಲ ಸೋರಿ ಬೆಳಗ್ಗೆ ಆ ಮೂಲೆ ಕುಸಿದಿರುತ್ತದೆ.

ಎಂಜಿನ್ ಚಾಲೂ ಮಾಡಿದರೆ ಪಂಪು ಗುರ್ರೆಂದು ಓಡಿ ಕಾರನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ಮಾಲೀಕ, ‘ಸದ್ಯ, ಸರಿಹೋಯಿತಲ್ಲ’ ಎಂದು ಹೊರಡುತ್ತಾನೆ. ತಪ್ಪು ಆಗುವುದು ಇಲ್ಲಿಯೇ.

ಆ ಪಂಪು ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಓಡಲೆಂದು ಮಾಡಿದ್ದು. ಸೈಕಲ್ ಪಂಪಿನಲ್ಲಿ ನಾಲ್ಕಾರು ಬಾರಿ ಗಾಳಿ ಹೊಡೆದು ಅದರ ತುದಿ ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಲು ನಾವು ಮಾಡಿದ ಕೆಲಸ ಶಾಖವಾಗುತ್ತದೆ. ಸೋರುವ ಚೀಲ ತುಂಬಿಸುತ್ತ ಬಿಡುವಿಲ್ಲದೆ ಓಡುವ ಪಂಪು ಹೀಗೆಯೇ ಕಾದು ಅದರ ಪಿಸ್ಟನ್ನಿನ ಬಿರಡೆ ಸವೆಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಗಾಳಿಯಲ್ಲಿ ಅದು ಹಿಡಿದಿಡಬಲ್ಲ ನೀರಾವಿಯ ಅರ್ಧದಷ್ಟು ಇದೆ ಎಂದಿಟ್ಟುಕೊಳ್ಳಿ. ಉಷ್ಣತೆ ಬದಲಾಗದಂತೆ ಆ ಗಾಳಿಯನ್ನು ಅರ್ಧ ಗಾತ್ರಕ್ಕೆ ಒತ್ತಿದರೆ ಅದು ಪೂರ್ತಿ ತೇವಭರಿತವಾಗುತ್ತದೆ. ಇನ್ನೂ ಒತ್ತಿದರೆ ನೀರು ಹನಿಗಟ್ಟಲೇಬೇಕು. ಈ ನೀರನ್ನು ಹೀರುವುದೇ ಡಬ್ಬಿಯ ಹರಳುಗಳ ಕೆಲಸ. ಕಾರು ತಗ್ಗುವಾಗ ಹೊರಹೋಗುವ ಒಣ ಗಾಳಿ ಅದೇ ಡಬ್ಬಿಯ ಮೂಲಕ ಹಾದು ಹರಳುಗಳ ತೇವವನ್ನು ಒಯ್ಯುತ್ತದೆ. ಎಷ್ಟು ಜಾಣ ಏರ್ಪಾಟು! ಆದರೆ ಬಿರುಕಿನಿಂದ ಸೋರುವ ಗಾಳಿ ಡಬ್ಬಿಯತ್ತ ಹಿಂದಿರುಗುವುದೇ ಇಲ್ಲ. ಹರಳುಗಳು ತೊಯ್ದು ಹೋಗುತ್ತವೆ. ನೀರು ಕವಾಟಗಳವರೆಗೆ ನುಗ್ಗಿ ತುಕ್ಕು ಹಿಡಿಸುತ್ತದೆ. ಕೊನೆಗೊಂದು ದಿನ ಕಂಪ್ಯೂಟರ್ ಕೈಚೆಲ್ಲಿ, ಗಂಟೆಗೆ 35 ಮೈಲಿ ಮೀರಬೇಡ ಎಂಬ ಎಚ್ಚರಿಕೆಯನ್ನು ಚಾಲಕನ ಮುಂದೆ ಬೆಳಗಿಸುತ್ತದೆ. 35 ಮೈಲಿ ಎಂದರೆ 56 ಕಿ.ಮೀ.

ಒಂದು ರಬ್ಬರ್ ಚೀಲದ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸ ಈಗ ಚೀಲ, ಪಂಪು, ಡಬ್ಬಿ, ಕವಾಟ ಎಲ್ಲವನ್ನೂ ಕೇಳುತ್ತದೆ. ಸೋರಿದ್ದು ಗಾಳಿ, ಬರಿದಾದದ್ದು ಜೇಬು!

ಅನುಭವಸ್ಥ ಮಾಲೀಕರು ಮಾಡುವ ಕೆಲಸ ಸರಳ. ಸಾಬೂನು ನೀರು ಕಲಸಿ ಚೀಲದ ಮಡಿಕೆಗಳಿಗೂ, ಕೊಳವೆಯ ಜೋಡಣೆಗಳಿಗೂ ಸವರುತ್ತಾರೆ. ಸೋರುವಲ್ಲಿ ಗುಳ್ಳೆ ಏಳುತ್ತದೆ. ಆ ಭಾಗವನ್ನು ಕೂಡಲೇ ಬದಲಾಯಿಸುತ್ತಾರೆ. ಗಟ್ಟಿಯಾದ ರಬ್ಬರ್ ಉಂಗುರಗಳನ್ನು ಕವಾಟದ ಪೆಟ್ಟಿಗೆಯಿಂದ ತೆಗೆದು ಹೊಸದು ಕೂರಿಸುವ ಕೆಲಸವನ್ನು ಮನೆಯ ಮೇಜಿನ ಮೇಲೆಯೇ ಮಾಡಿಕೊಳ್ಳುವವರಿದ್ದಾರೆ. ಬೇಸತ್ತ ಕೆಲವರು ಗಾಳಿಯ ಸಹವಾಸವೇ ಬೇಡವೆಂದು ಉಕ್ಕಿನ ಸುರುಳಿ ಹಾಕಿಸುತ್ತಾರೆ. ಇದರಿಂದ ಸೋರಿಕೆಯ ಕಾಟವೇನೋ ತಪ್ಪುತ್ತದೆ. ಆದರೆ ಭಾರ ಬಿದ್ದಾಗ ಕುಸಿಯದಿರುವ ಗುಣವೂ, ಬೇಕೆಂದಾಗ ಏರಿ ಇಳಿಯುವ ಗುಣವೂ ಅದರೊಂದಿಗೇ ಹೋಗುತ್ತವೆ. ಯಾವುದಕ್ಕಾಗಿ ಆ ಕಾರನ್ನು ಕೊಂಡರೋ ಅದನ್ನೇ ಬಿಟ್ಟುಕೊಟ್ಟಂತೆ.

ಬೆಲೆ ಇಳಿದರೂ ಭಾರ ಇಳಿಯದು

ಮಾರುಕಟ್ಟೆ ಇಳಿಸುವುದು ಕಾರಿನ ಬೆಲೆಯನ್ನು ಮಾತ್ರ. ಅದರ ದ್ರವ್ಯರಾಶಿಯನ್ನಲ್ಲ. ಆ ರೇಂಜ್ ರೋವರಿನ ತೂಕ ಎರಡು ಟನ್ನಿಗೂ ಹೆಚ್ಚು. 2,200 ಕಿ.ಗ್ರಾಂ. ವಾಹನ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನ ಶಕ್ತಿ ಸುಮಾರು 5,43,000 ಜೌಲ್. ಬ್ರೇಕ್ ಒತ್ತಿ ನಿಲ್ಲಿಸಿದಾಗ ಇದೆಲ್ಲ ಶಾಖವಾಗಬೇಕು. ಅಷ್ಟು ಶಾಖ 25 ಡಿಗ್ರಿಯಲ್ಲಿರುವ ಸುಮಾರು ಒಂದೂಮುಕ್ಕಾಲು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. 1,000 ಕಿ.ಗ್ರಾಂ. ಸಣ್ಣ ಕಾರಾದರೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ದೊಡ್ಡ ಕಾರಿಗೆ ದೊಡ್ಡ ಬ್ರೇಕ್ ಪ್ಯಾಡು, ದೊಡ್ಡ ಟೈರು, ಹೆಚ್ಚು ಇಂಧನ ಏಕೆ ಬೇಕೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಬ್ರೇಕ್ ಎಣ್ಣೆಯ ವಿಷಯವೂ ಹೀಗೆಯೇ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಈ ಮಿತಿ 155 ಡಿಗ್ರಿ ಮಾತ್ರ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದು ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ಒಳಗೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಗ್ಯಾರೇಜಿನಲ್ಲೇ ನಿಂತು ಕಡಿಮೆ ಓಡಿದ ಕಾರಿನಲ್ಲಿಯೂ ಈ ಎಣ್ಣೆ ತೇವ ಹೀರುತ್ತಲೇ ಇರುತ್ತದೆ. ‘ಓಡಿದ್ದೇ ಕಡಿಮೆ ಸಾರ್’ ಎಂಬ ಮಾರಾಟಗಾರನ ಮಾತು ಪೂರ್ತಿ ಸಮಾಧಾನ ಕೊಡಲಾರದು.

ಎಂಜಿನ್ನಿನ ವಿಷಯ ಇನ್ನೂ ನಾಜೂಕು. ರೇಂಜ್ ರೋವರಿನ ಎಂಟು ಸಿಲಿಂಡರುಗಳ ಆ ಎಂಜಿನ್ ಅಲ್ಯುಮಿನಿಯಂನದು. ಸಿಲಿಂಡರುಗಳ ಒಳ ಅಸ್ತರಿ ಕಬ್ಬಿಣದ್ದು. ಕಾದಾಗ ಅಲ್ಯುಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಎಂಜಿನ್ ವಿಪರೀತ ಕಾದರೆ ಎರಡರ ನಡುವಿನ ಬಿಗಿತ ಸಡಿಲಾಗುತ್ತದೆ. ಹಳೆಯ ರಬ್ಬರ್ ಕೊಳವೆಯೊಂದು ಒಡೆದದ್ದಕ್ಕೆ ಎಂಜಿನ್ನೇ ದಂಡ ತೆರಬೇಕಾಗುತ್ತದೆ.

ಮೆರುಗು ಹೆಚ್ಚಿಸುವ ಮುನ್ನ

ಹಳೆಯ ದೊಡ್ಡ ಕಾರು ಕೊಂಡವರಿಗೆ ಮೊದಲು ಬರುವ ಆಸೆ ದೊಡ್ಡ ಟೈರು. ಟೈರಿನ ಸುತ್ತಳತೆ ಶೇ. 5ರಷ್ಟು ಹೆಚ್ಚಿದರೆ, ಸರಿಯಾಗಿ ತೋರಿಸುತ್ತಿದ್ದ ವೇಗಮಾಪಕ 100 ಎಂದಾಗ ಕಾರು 105ರಲ್ಲಿ ಓಡುತ್ತಿರುತ್ತದೆ. ತ್ರಿಜ್ಯ ಹೆಚ್ಚಾದ್ದರಿಂದ ಅದೇ ಬ್ರೇಕು ರಸ್ತೆಯ ಮೇಲೆ ಕಡಿಮೆ ಬಲ ಹಾಕುತ್ತದೆ. ಕಾರನ್ನು ಎತ್ತರಿಸಿದರೆ, ತಾರಸಿಯ ಮೇಲೆ ಸಾಮಾನು ಹೇರಿದರೆ ಗುರುತ್ವ ಕೇಂದ್ರ ಮೇಲೇರುತ್ತದೆ. ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ.

ಲ್ಯಾಂಡ್ ರೋವರ್ ಕಂಪನಿ 2008ರಲ್ಲಿ ಟಾಟಾ ಮೋಟಾರ್ಸ್ ಒಡೆತನಕ್ಕೆ ಬಂತು. ಇಂದು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಳಿಗೆಗಳಲ್ಲಿಯೂ ಇಂತಹ ಐಷಾರಾಮಿ ಎಸ್‌ಯುವಿಗಳು ಕಾಣಸಿಗುತ್ತವೆ. ನಮ್ಮಲ್ಲಿ ಕೊಳ್ಳುವವರು ಕಾನೂನನ್ನೂ ನೆನಪಿಡಬೇಕು. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಮುಂದೆ ಕಟ್ಟುವ ಉಕ್ಕಿನ ಬುಲ್ ಬಾರ್ ಕೂಡದೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು.

ಹಾಗಾದರೆ ಹಳೆಯ ಎಸ್‌ಯುವಿಗೆ ಮೊದಲು ಮಾಡಿಸಬೇಕಾದ ‘ಮೆರುಗು’ ಯಾವುದು? ಹೊಸ ಬ್ರೇಕ್ ಎಣ್ಣೆ, ಹೊಸ ಕೊಳವೆಗಳು, ಹೊಸ ಟೈರು. ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮನೆಯವರನ್ನು ಕಾಪಾಡುವುದು ಇವೇ.

ಕೊಳ್ಳಲು ಹೊರಟ ತಂದೆತಾಯಿಯರು ಕೆಲವು ಕೆಲಸ ಮಾಡಬಹುದು. ಕಾರನ್ನು ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಿ. ನಾಲ್ಕೂ ಚಕ್ರಗಳ ಮೇಲಿನ ಎತ್ತರವನ್ನು ಟೇಪು ಹಿಡಿದು ಅಳೆಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಸರ್ವಿಸ್ ಪುಸ್ತಕದಲ್ಲಿ ಎಣ್ಣೆ ಬದಲಿಸಿದ ದಿನಾಂಕಗಳನ್ನು ಓದಿ. ಬಿಡಿಭಾಗಗಳ ಬೆಲೆಯನ್ನು ಕೊಳ್ಳುವ ಮೊದಲೇ ವಿಚಾರಿಸಿ. ಅವುಗಳ ಬೆಲೆ ಕಾರು ಹೊಸದಿದ್ದಾಗಿನ ದರ್ಜೆಗೆ ತಕ್ಕಂತೆ ಇರುತ್ತದೆಯೇ ಹೊರತು, ನೀವು ಕೊಟ್ಟ ಹಣಕ್ಕೆ ತಕ್ಕಂತೆ ಅಲ್ಲ. ಕೊಂಡ ಮೇಲೆ ರಿಪೇರಿಗೆಂದು ಕೈಯಲ್ಲಿ ಹಣ ಉಳಿಯದಿದ್ದರೆ, ಆ ಕಾರು ನಿಮಗೆ ಅಗ್ಗವಲ್ಲ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ಗಾಳಿ ಎಳೆದು, ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿರಿ. ಮೊದಲು ಮೃದುವಾಗಿ ಕುಗ್ಗಿ, ಕುಗ್ಗಿದಂತೆ ಬಿಗಿಯಾಗುತ್ತದೆ. ಬಿಟ್ಟರೆ ಹಿಂದಕ್ಕೆ ಪುಟಿಯುತ್ತದೆ. ಅದೇ ಗಾಳಿಯ ಸ್ಪ್ರಿಂಗ್. ಈಗ ಬೆರಳನ್ನು ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಒತ್ತಿ ನೋಡಿ. ಪುಟಿಯುವ ಗುಣ ಎಲ್ಲಿ ಹೋಯಿತು? ದೊಡ್ಡ ಕಾರು ಬೆಳಗ್ಗೆ ಮಂಡಿಯೂರಿದ್ದಕ್ಕೂ ಕಾರಣ ಅಷ್ಟೇ ಸಣ್ಣದು.