ಸಕ್ಕರೆ ನಾಡಿನ ಕಹಿ ಲೆಕ್ಕ

ಮಂಡ್ಯಕ್ಕೆ ಸಕ್ಕರೆ ನಾಡೆಂಬ ಹೆಸರು ತಂದದ್ದು 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆ. ಕಬ್ಬು ಅರೆದರೆ ಸಕ್ಕರೆ, ಉಳಿದ ಕಾಕಂಬಿ ಹುಳಿಸಿದರೆ ಮದ್ಯಸಾರ. ಒಂದೇ ಗದ್ದೆಯ ಎರಡು ಮಕ್ಕಳು! ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಒಂದು, ಸಂಜೆ ಬಾರಿನಲ್ಲಿ ಇನ್ನೊಂದು ನಮ್ಮ ಜನರ ಮೈ ಹಿಂಡುತ್ತಿವೆ.

'ಎರಡು ಪೆಗ್ ಹಾಕಿದ್ರೆ ಸುಸ್ತು ಹೋಗುತ್ತೆ' ಅನ್ನುವವರೇ ಎಲ್ಲ. ಮದ್ಯ ಬೇಗ ನಿದ್ದೆ ತರಿಸುತ್ತದೆ, ನಡುರಾತ್ರಿ ಅದೇ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆ ಮತ್ತೆ ಸುಸ್ತು. ಅದಕ್ಕೆ ಎರಡು ಚಮಚ ಸಕ್ಕರೆಯ ಟೀ. ಇದು ಗಾಣದೆತ್ತಿನ ಸುತ್ತಲ್ಲದೆ ಮತ್ತೇನು?

ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚದೊಳಗೆ ಸಕ್ಕರೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬೆಲ್ಲಕ್ಕೂ ಇದೇ ಲೆಕ್ಕ. ಗಲ್ಲಾದಲ್ಲಿ ಕೂತು ನಾಲ್ಕು ಟೀ ಕುಡಿಯುವವರ ಪಾಲು ಮಧ್ಯಾಹ್ನಕ್ಕೇ ಖಲಾಸ್! ಮದ್ಯವಂತೂ ಎಷ್ಟೇ ಕಡಿಮೆಯಾದರೂ ಸುರಕ್ಷಿತವಲ್ಲವೆಂದು 2023ರಲ್ಲಿ ಅದೇ ಸಂಸ್ಥೆ ಸಾರಿತು.

2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ ಹೋಯಿತು, ವಿಸ್ಕಿ ಬಂತು. ಅಬಕಾರಿ ವರಮಾನ ನಂಬಿದ ಸರ್ಕಾರ ಕುಡಿತ ಬಿಡಿಸೀತೆಂದು ಕಾಯುವುದು ದಡ್ಡತನ. ದಿನಾ ವಿಪರೀತ ಕುಡಿಯುವವರು ಮಾತ್ರ ಏಕಾಏಕಿ ನಿಲ್ಲಿಸಬಾರದು. ಕೈನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯವಾದೀತು. ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಂಡೇ ಬಿಡಬೇಕು.

ಸಕ್ಕರೆಯ ಕೆಲಸ ಸುಲಭ. ಹೋಟೆಲಿನವರು ಟೀಗೆ ಸಕ್ಕರೆ ಬೆರೆಸದೆ ಬೇರೆ ಇಡಲಿ, ಬೇಕಾದವರು ಹಾಕಿಕೊಳ್ಳಲಿ. ಮಾಲೀಕರಿಗೆ ಸಕ್ಕರೆ ಉಳಿತಾಯ, ಗಿರಾಕಿಗೆ ಆಯುಸ್ಸು ಉಳಿತಾಯ.