ಅಂಗಳದ ಮರವೂ ಗೃಹಸ್ಥನ ಕರ್ತವ್ಯವೂ

ವೈಶಾಖ ಮಾಸವು ಕಳೆಯುತ್ತ ಬಂದು, ಸಂಜೆಯಾದೊಡನೆ ಮೂಡಣ ಘಟ್ಟದ ಕಡೆಯಿಂದ ಗುಡುಗು ಕೇಳತೊಡಗಿತೆಂದರೆ, ನಮ್ಮ ಸಿದ್ಧಕಟ್ಟೆಯ ಸುತ್ತಣ ಮನೆಗಳಲ್ಲಿ ಒಂದು ಚರ್ಚೆಯು ತಪ್ಪದೆ ನಡೆಯುವುದು. ಅಂಗಳದ ಬದಿಯ ಆ ಹಳೆಯ ಮರವನ್ನು ಈ ವರ್ಷವಾದರೂ ಕಡಿಸುವುದೋ, ಇನ್ನೊಂದು ಮಳೆಗಾಲ ನೋಡುವುದೋ? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಇದು ಹರಟೆಯ ವಿಷಯವಲ್ಲ. ಒಡೆದ ಹೆಂಚನ್ನು ಮರಳಿ ಹೊದಿಸಬಹುದು. ಮಾಡಿನ ಕೆಳಗೆ ಮಲಗಿದ್ದವರ ಪ್ರಾಣವನ್ನು ಮರಳಿ ತರಲಾಗದು. ಅಂತೆಯೇ ಬರಿಯ ಭಯದಿಂದ ಉರುಳಿಸಿದ ನೂರು ವರ್ಷದ ಮಾವಿನ ಮರವನ್ನೂ ನಮ್ಮ ಆಯುಷ್ಯದಲ್ಲಿ ಮರಳಿ ಕಾಣಲಾರೆವು. ಆದುದರಿಂದ ಈ ತಿಂಗಳು ವಾಚಕರೊಡನೆ ಈ ವಿಷಯವನ್ನೇ ವಿಚಾರಿಸಲು ಬಯಸಿರುವೆವು.

ಮೊದಲನೆಯದಾಗಿ, ಅಪಾಯವೆಂಬುದು ಮರದಲ್ಲಿ ಮಾತ್ರ ಇರುವುದಲ್ಲ, ಮರದ ಕೆಳಗೂ ಇರುವುದು. ಗುಡ್ಡದ ನಡುವೆ ಟೊಳ್ಳಾದ ಮರವೊಂದು ನಿಂತಿದ್ದರೆ ಅದು ಗಿಳಿಗಳಿಗೂ ಜೇನಿಗೂ ಮನೆಯೇ ಹೊರತು ಯಾರಿಗೂ ವೈರಿಯಲ್ಲ. ಅದೇ ಮರವು ಶಾಲೆಯ ಬಾಗಿಲಲ್ಲಿಯೋ, ಬಸ್ಸು ನಿಲ್ಲುವ ಕಟ್ಟೆಯ ಮೇಲೆಯೋ ನಿಂತಿದ್ದರೆ ಆಗ ಅದರ ಪರೀಕ್ಷೆಯು ಅವಶ್ಯವಾಗುವುದು. ಮರ ಬಿದ್ದರೆ ಎಲ್ಲಿಗೆ ಬೀಳುವುದು, ಅಲ್ಲಿ ಯಾರು ಎಷ್ಟು ಹೊತ್ತು ಇರುವರು ಎಂಬುದನ್ನೇ ಮೊದಲು ಕೇಳತಕ್ಕದ್ದು.

ಇನ್ನು ಮರದ ಲಕ್ಷಣಗಳು. ಬುಡದಲ್ಲಿ ಅಥವಾ ಕಾಂಡದಲ್ಲಿ ಗಟ್ಟಿಯಾದ ಅಣಬೆಯು ಹಲಗೆಯಂತೆ ಮೂಡಿದ್ದರೆ ಒಳಗಣ ತಿರುಳು ಕೊಳೆಯುತ್ತಿದೆಯೆಂದು ತಿಳಿಯಬೇಕು. ಎರಡು ಸಮದಪ್ಪದ ಕೊಂಬೆಗಳು ಇಕ್ಕಟ್ಟಾಗಿ ಕವಲೊಡೆದು, ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಆ ಸಂಧಿಯು ದುರ್ಬಲವಾದುದು. ಕಾಂಡದ ಉದ್ದಕ್ಕೂ ಬಿರುಕು, ತುದಿಯಲ್ಲಿ ಒಣಗಿದ ಕೊಂಬೆಗಳು, ತಟ್ಟಿದಾಗ ಖಾಲಿ ಪೆಟ್ಟಿಗೆಯಂತಹ ಧ್ವನಿ, ಇವೆಲ್ಲವೂ ಸೂಚನೆಗಳೇ. ಹುಟ್ಟಿನಿಂದಲೇ ಓರೆಯಾಗಿ ಬೆಳೆದ ಮರಕ್ಕೆ ಅಂಜಬೇಕಾದುದಿಲ್ಲ. ಅದು ತನ್ನ ಭಾರಕ್ಕೆ ತಕ್ಕಂತೆ ಬೇರುಬಿಟ್ಟಿರುವುದು. ಆದರೆ ನಿನ್ನೆಯವರೆಗೆ ನೆಟ್ಟಗಿದ್ದ ಮರವು ಇಂದು ವಾಲಿ, ಹಿಂಬದಿಯ ಮಣ್ಣು ಉಬ್ಬಿ ಬಿರಿದಿದ್ದರೆ ಅಂದೇ ಮನೆಯವರನ್ನು ಅಲ್ಲಿಂದ ಸರಿಸತಕ್ಕದ್ದು. ನಮ್ಮ ಕಡೆಯಲ್ಲಿ ರಸ್ತೆಗಾಗಿಯೂ ಮನೆಯ ನಿವೇಶನಕ್ಕಾಗಿಯೂ ಯಂತ್ರದಿಂದ ಬರೆಯನ್ನು ಕಡಿಯುವಾಗ, ಅಂಚಿನ ಮರದ ಒಂದು ಮಗ್ಗುಲಿನ ಬೇರುಗಳೆಲ್ಲ ತುಂಡಾಗುವುದುಂಟು. ಅಂತಹ ಮರವು ಮೇಲೆ ಹಸುರಾಗಿಯೇ ಇರುವುದು. ಆದರೆ ಮಣ್ಣು ನೆನೆದ ಆಷಾಢದ ಗಾಳಿಗೆ ಮೊದಲು ಬೀಳತಕ್ಕದ್ದು ಅದೇ. ಟೊಳ್ಳಾದುದೆಲ್ಲವೂ ಬೀಳುವುದೆಂದಲ್ಲ. ಬಿದಿರು ಟೊಳ್ಳಾಗಿಯೂ ನಿಲ್ಲುವುದಲ್ಲವೇ? ಸುತ್ತಣ ಗಟ್ಟಿಯಾದ ಭಾಗವು ಕಾಂಡದ ತ್ರಿಜ್ಯದ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಾದರೆ ಎಚ್ಚರವಿರಬೇಕೆಂದು ಈ ವಿದ್ಯೆಯನ್ನು ಬಲ್ಲವರು ಒಂದು ಅಂದಾಜನ್ನು ಇಟ್ಟುಕೊಂಡಿರುವರು.

ವೃಕ್ಷಚಿಕಿತ್ಸೆಯು ಪರದೇಶದಿಂದ ಬಂದ ಹೊಸ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ರೋಗಗ್ರಸ್ತವಾದ ಭಾಗವನ್ನು ಮೊದಲು ಶಸ್ತ್ರದಿಂದ ಶೋಧಿಸಿ, ಬಳಿಕ ವಾಯುವಿಳಂಗ, ತುಪ್ಪ, ಕೆಸರುಗಳನ್ನು ಲೇಪಿಸಿ, ಹಾಲುಬೆರಸಿದ ನೀರನ್ನೆರೆಯಬೇಕೆಂಬುದು ಅವನ ವಿಧಿ. ಕನ್ನಡದಲ್ಲಿಯೂ ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವು ಸೇರಿರುವುದು. ಕೊಳೆತುದನ್ನು ಮೊದಲು ತೆಗೆಯಬೇಕೆಂಬ ಹಿರಿಯರ ಮಾತು ಇಂದಿಗೂ ಸಲ್ಲತಕ್ಕದ್ದೇ. ಲೇಪದ ವಿಷಯದಲ್ಲಿ ಮಾತ್ರ ತಿಳಿವಳಿಕೆಯು ಮುಂದುವರಿದಿದೆ.

ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ (1930–2006) ಎಂಬ ವಿಜ್ಞಾನಿಯು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1977ರಲ್ಲಿ ಒಂದು ಸಿದ್ಧಾಂತವನ್ನು ಪ್ರಕಟಿಸಿದನು. ನಮ್ಮ ಚರ್ಮದ ಗಾಯವು ಮಾಯುವಂತೆ ಮರದ ಗಾಯವು ಮಾಯುವುದಿಲ್ಲ. ಮರವು ಕೆಟ್ಟ ಭಾಗದ ಸುತ್ತಲೂ ಒಳಗಿನಿಂದ ಗೋಡೆ ಕಟ್ಟಿ, ಅದನ್ನು ಬೇರ್ಪಡಿಸಿ, ಅದರ ಮೇಲೆ ಹೊಸ ಮರವನ್ನು ಬೆಳೆಸಿಕೊಳ್ಳುವುದು. ಆದಕಾರಣ ಪೊಟರೆಗೆ ಸಿಮೆಂಟು ತುಂಬುವುದೂ, ಕಡಿದ ಜಾಗಕ್ಕೆ ಡಾಮರು ಬಳಿಯುವುದೂ ಮರಕ್ಕೆ ಉಪಕಾರವಾಗವು. ಪೊಟರೆಯನ್ನು ಕೆರೆದು ಹಸನು ಮಾಡಹೋದರೆ ಮರವು ಕಟ್ಟಿಕೊಂಡ ಗೋಡೆಯೇ ಒಡೆಯುವುದು.

ಹಾಗಾದರೆ ವೈದ್ಯವು ಎಲ್ಲಿದೆ? ಸರಿಯಾದ ಸ್ಥಳದಲ್ಲಿ ಕೊಯ್ಯುವುದರಲ್ಲಿದೆ. ಕೊಂಬೆಯು ಕಾಂಡವನ್ನು ಸೇರುವಲ್ಲಿ ಕೊರಳಪಟ್ಟಿಯಂತೆ ಸ್ವಲ್ಪ ಉಬ್ಬಿದ ಭಾಗವಿರುವುದು, ಅದಕ್ಕೆ ಗಾಯವಾಗಕೂಡದು. ಆ ಉಬ್ಬಿನ ಹೊರಗೆ ಕೊಯ್ಯಬೇಕು, ಮೋಟನ್ನೂ ಉಳಿಸಬಾರದು. ಭಾರವಾದ ಕೊಂಬೆಗೆ ಮೂರು ಕೊಯ್ತಗಳು: ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಕೊಯ್ಯುವುದು ಮೊದಲನೆಯದು, ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿಯಾಗಿ ಕೊಯ್ದು ಕೊಂಬೆಯನ್ನು ಇಳಿಸುವುದು ಎರಡನೆಯದು, ಉಳಿದ ಮೋಟನ್ನು ಉಬ್ಬಿನ ಹೊರಗೆ ಹಗುರವಾಗಿ ತೆಗೆಯುವುದು ಮೂರನೆಯದು. ಕೆಳಗಣ ಕೊಯ್ತವಿಲ್ಲದೆ ಮೇಲಿನಿಂದಲೇ ಕಡಿದರೆ ಕೊಂಬೆಯು ಬೀಳುವಾಗ ಕಾಂಡದ ತೊಗಟೆಯನ್ನು ಬುಡದವರೆಗೂ ಸೀಳಿಕೊಂಡು ಹೋಗುವುದು. ಒಂದು ವರ್ಷದಲ್ಲಿ ಹಸುರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಗಾಳಿಗೆ ಭಯವೆಂದು ನೆತ್ತಿಯನ್ನೇ ಬೋಳಿಸುವ ಪದ್ಧತಿಯಂತೂ ಹಾನಿಕರವಾದುದು. ಆ ಮೋಟುಗಳಿಂದ ಹತ್ತಾರು ಚಿಗುರುಗಳು ಹೊರಟು, ಕೊಳೆತ ಬುಡದ ಮೇಲೆಯೇ ದಪ್ಪವಾಗಿ, ಕೆಲವು ವರ್ಷಗಳಲ್ಲಿ ಮೊದಲಿಗಿಂತ ಹೆಚ್ಚಿನ ಅಪಾಯವನ್ನು ತಂದೊಡ್ಡುವುವು.

ಶಸ್ತ್ರಚಿಕಿತ್ಸೆಯಿಂದ ಮರವು ಬದುಕಿದುದಕ್ಕೆ ಕಲ್ಕತ್ತೆಯ ಸಸ್ಯೋದ್ಯಾನದ ಮಹಾವಟವೃಕ್ಷವು ಸಾಕ್ಷಿ. 1864 ಮತ್ತು 1867ರ ಚಂಡಮಾರುತಗಳಲ್ಲಿ ಪೆಟ್ಟುತಿಂದು ಶಿಲೀಂಧ್ರಕ್ಕೆ ತುತ್ತಾದ ಅದರ ಮೂಲಕಾಂಡವನ್ನು 1925ರಲ್ಲಿ ತೆಗೆದುಹಾಕಲಾಯಿತು. ಬಿಳಲುಗಳ ಮೇಲೆ ಮರವು ಇಂದಿಗೂ ನಿಂತಿದೆ.

ತೆಂಗು ಅಡಕೆಗಳ ಸಂಗತಿಯು ಬೇರೆ. ಅವುಗಳಿಗೆ ಮಾವು ಹಲಸುಗಳಂತೆ ತೊಗಟೆಯ ಕೆಳಗೆ ಬೆಳೆಯುವ ಪದರವಿಲ್ಲ. ಕಾಂಡಕ್ಕಾದ ಗಾಯವು ಎಂದಿಗೂ ಮುಚ್ಚದು. ಹತ್ತುವುದಕ್ಕೆಂದು ತೆಂಗಿನ ಮರಕ್ಕೆ ಕತ್ತಿಯಿಂದ ಮೆಟ್ಟಿಲು ಕೊಚ್ಚುವವರು ಇದನ್ನು ನೆನಪಿಡಬೇಕು.

ಈಗ ಮರಕ್ಕಿಂತ ಮುಖ್ಯವಾದ ಮಾತು, ಮರ ಹತ್ತುವವನದು. ನಮ್ಮಲ್ಲಿ ಸೊಂಟದಲ್ಲೊಂದು ಕತ್ತಿ, ಕಾಲಿಗೊಂದು ತಳೆ, ಇಷ್ಟರಿಂದಲೇ ನಲವತ್ತಡಿ ಏರುವ ಸಾಹಸಿಗಳಿರುವರು. ಅವರ ಧೈರ್ಯವನ್ನು ಹೊಗಳಿ ಕೂಲಿ ಕೊಟ್ಟೊಡನೆ ನಮ್ಮ ಹೊಣೆಯು ತೀರಿತೇ? ಸೊಂಟದ ಪಟ್ಟಿ, ಕಾಂಡಕ್ಕೆ ಬಿಗಿದ ಗಟ್ಟಿಯಾದ ಹಗ್ಗ, ಶಿರಸ್ತ್ರಾಣ ಇವಿಲ್ಲದೆ ಯಾರನ್ನೂ ಹತ್ತಿಸಕೂಡದು. ಯಂತ್ರದ ಗರಗಸವನ್ನು ಭುಜಕ್ಕಿಂತ ಮೇಲೆತ್ತಿಯಾಗಲಿ, ಒಂದೇ ಕೈಯಲ್ಲಿ ಹಿಡಿದಾಗಲಿ ನಡೆಸಬಾರದು. ಅದರ ಮೂತಿಯ ಮೇಲ್ಭಾಗವು ಮರಕ್ಕೆ ತಗುಲಿದರೆ ಕ್ಷಣಮಾತ್ರದಲ್ಲಿ ಹಿಡಿದವನ ಮುಖದತ್ತಲೇ ಹಾರುವುದು. ಮಳೆ ನಿಂತೊಡನೆ ಜಾರುವ ತೊಗಟೆಯ ಮೇಲೆ ಯಾರನ್ನೂ ಹತ್ತಿಸಬಾರದು. ವಿದ್ಯುತ್ತಿನ ತಂತಿಯು ಹತ್ತಿರವಿದ್ದರೆ ಮೆಸ್ಕಾಂನವರು ಬಂದು ಪ್ರವಾಹವನ್ನು ನಿಲ್ಲಿಸದ ಹೊರತು ಕತ್ತಿಯನ್ನು ಎತ್ತಲೇಬಾರದು. ಮರವನ್ನೇ ಉರುಳಿಸುವಾಗ ಅದರ ಎತ್ತರದ ಎರಡರಷ್ಟು ದೂರದವರೆಗೆ ಮಕ್ಕಳೂ ದನಕರುಗಳೂ ಇರಕೂಡದು. ಅಡಕೆ ಕೊಯ್ಲಿಗೆ ಈಚೆಗೆ ನೆಲದ ಮೇಲೆ ನಿಂತೇ ಕೊಯ್ಯುವ ಹಗುರವಾದ ಕಾರ್ಬನ್ ಫೈಬರ್ ದೋಟಿಯು ಬಂದಿರುವುದು ಸಂತೋಷದ ಸಂಗತಿ. ಹತ್ತದೆಯೇ ಆಗುವ ಕೆಲಸಕ್ಕೆ ಹತ್ತದಿರುವುದೇ ಜಾಣತನ.

ಕಾನೂನನ್ನೂ ಮರೆಯಬಾರದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರಗಳನ್ನು ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರವು ಸತ್ತಿದ್ದರೆ, ರೋಗದಿಂದ ಕೂಡಿದ್ದರೆ, ಪ್ರಾಣಕ್ಕೂ ಸೊತ್ತಿಗೂ ಅಪಾಯಕರವಾಗಿದ್ದರೆ ಅನುಮತಿಯನ್ನು ನಿರಾಕರಿಸಕೂಡದೆಂದೂ ಅದೇ ಕಾನೂನು ವಿಧಿಸಿದೆ. ಅರ್ಜಿಯನ್ನು ಮಳೆಗಾಲದ ಹೊಸ್ತಿಲಲ್ಲಿ ಕೊಡುವುದಕ್ಕಿಂತ ಮಾಘಮಾಸದಲ್ಲಿಯೇ ಕೊಡುವುದು ಮೇಲು.

ನಮ್ಮ ನೆರೆಯಲ್ಲಿ ಇಬ್ಬರು ಸಹೋದರರ ಮನೆಯಿದೆ. ಹಟ್ಟಿಯ ಮೇಲೆ ಚಾಚಿದ ಮಾವಿನ ಮರವನ್ನು ಕಡಿದು ಮಾರೋಣವೆಂದು ತಮ್ಮನು, ತೀರಿಹೋದ ತಾಯಿ ನೆಟ್ಟದ್ದು, ಮುಟ್ಟಬಾರದೆಂದು ಅಣ್ಣನು. ಎರಡು ವರ್ಷ ಮಾತು ಬೆಳೆದು, ಜಗಲಿಯಲ್ಲಿ ಒಟ್ಟಿಗೆ ಕೂರುವುದೂ ನಿಂತಿತ್ತು. “ಮಾಷ್ಟ್ರೇ, ನೀವೇ ಒಂದು ಮಾತು ಹೇಳಿ” ಎಂದು ಅಣ್ಣನು ಕರೆದನು. ನಾವು ತೀರ್ಪು ಕೊಡದೆ, ಮರದ ಕೆಲಸವನ್ನು ಬಲ್ಲವನೊಬ್ಬನನ್ನು ಕರೆಯಿಸಿ, ಇಬ್ಬರನ್ನೂ ಬುಡದ ಬಳಿ ನಿಲ್ಲಿಸಿದೆವು. ಬೇರು ಗಟ್ಟಿ, ಕಾಂಡ ಗಟ್ಟಿ. ಹಟ್ಟಿಯ ಮೇಲಣ ಒಂದು ಕೊಂಬೆಯಷ್ಟೇ ಒಣಗಿತ್ತು. ಅದನ್ನು ಹಗ್ಗ ಕಟ್ಟಿ ಇಳಿಸಿದರು. ಆದರೆ ಬರೆಯ ಅಂಚಿನಲ್ಲಿ, ಯಾರೂ ಗಮನಿಸದೆ ಇದ್ದ ಹೆಬ್ಬಲಸಿನ ಹಿಂದೆ ಮಣ್ಣು ಬಿರಿದಿತ್ತು. ಅನುಮತಿ ಪಡೆದು ಅದನ್ನು ಉರುಳಿಸಬೇಕಾಯಿತು. ಜಗಳವಾಡಿದ ಮರವು ನಿರಪರಾಧಿಯಾಗಿತ್ತು, ಅಪಾಯವು ಬೇರೆ ಕಡೆಯಲ್ಲಿತ್ತು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ವರ್ಷಕ್ಕೆರಡು ಸಲ, ಮಳೆಗೆ ಮೊದಲೂ ಮಳೆಯ ಬಳಿಕವೂ, ಮನೆಯ ಸುತ್ತಣ ಪ್ರತಿಯೊಂದು ಮರವನ್ನೂ ಬುಡದಿಂದ ತುದಿಯವರೆಗೆ ಸುತ್ತುಬಂದು ನೋಡಿರಿ. ಸಂದೇಹ ಬಂದರೆ ಬಲ್ಲವರನ್ನು ಕರೆಯಿಸಿರಿ. ಕಡಿಯಲೇಬೇಕಾದುದನ್ನು ಅಂಜದೆ ಕಡಿಸಿರಿ, ಆದರೆ ಹತ್ತುವವನ ಹಗ್ಗವನ್ನು ನೀವೇ ಎಳೆದು ನೋಡಿದ ಮೇಲೆ. ಒಂದು ಹೋದಲ್ಲಿ, ಮಾಡಿನಿಂದ ಸಾಕಷ್ಟು ದೂರದಲ್ಲಿ, ಇನ್ನೊಂದನ್ನು ನೆಡಿರಿ.