ಮನೆ ಬರೆದುಕೊಡುವ ಮುನ್ನ ಒಂದು ಮಾತು

ಮನೆಯ ಯಜಮಾನರಿಗೆ ಅರುವತ್ತು ದಾಟಿ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಶುರುವಾದರೆ ಸಾಕು, ನಮ್ಮ ಮನೆಗಳಲ್ಲಿ ಒಂದು ಮಾತು ಏಳುತ್ತದೆ: 'ಜೀವ ಇರುವಾಗಲೇ ಎಲ್ಲ ಬರೆದುಕೊಟ್ಟುಬಿಡಿ, ಆಮೇಲೆ ಮಕ್ಕಳು ಜಗಳ ಆಡುವುದು ಬೇಡ.' ಕೇಳಲು ಒಳ್ಳೆಯ ಮಾತೇ. ಆದರೆ ಬರೆದುಕೊಟ್ಟ ಮೇಲೆ ಕೆಲವು ಮನೆಗಳಲ್ಲಿ ಏನಾಗುತ್ತದೆ ಎಂಬುದು ಮದ್ರಸದ ಜಗಲಿಯಲ್ಲಿ ಬಂದು ಕೂರುವ ಹಿರಿಯರಿಂದ ನಮಗೆ ಗೊತ್ತು. ತಾನೇ ಕಟ್ಟಿಸಿದ ಮನೆಯಲ್ಲಿ ಮದ್ದಿನ ದುಡ್ಡಿಗೆ ಇನ್ನೊಬ್ಬರ ಮುಖ ನೋಡಬೇಕು. ಉಮ್ಮ ಮೂರು ತಿಂಗಳು ಒಬ್ಬ ಮಗನಲ್ಲಿ, ಮೂರು ತಿಂಗಳು ಇನ್ನೊಬ್ಬನಲ್ಲಿ.

ಆದ್ದರಿಂದ ನಾವು ನೇರವಾಗಿ ಹೇಳುತ್ತೇವೆ: ಬದುಕಿರುವಷ್ಟು ದಿನ ಮನೆ ನಿಮ್ಮ ಹೆಸರಿನಲ್ಲೇ ಇರಲಿ. ಬರೆದಿಡಬೇಕಾದದ್ದು ಬೇರೆಯೇ ಇದೆ.

ಮೊದಲು ಹಿಬಾ ಅಂದರೇನು ತಿಳಿಯೋಣ. ಕೊಡುತ್ತೇನೆ ಎನ್ನಬೇಕು, ಪಡೆಯುವವನು ಒಪ್ಪಬೇಕು, ಸ್ವಾಧೀನವೂ ಅವನಿಗೆ ಹೋಗಬೇಕು. ಈ ಮೂರು ಆದರೆ ಹಿಬಾ ಪೂರ್ತಿ. ಅಂದರೆ ಆ ದಿನದಿಂದ ಮನೆ ಮಗನದ್ದು, ತಂದೆ ಅಲ್ಲಿ ನೆಂಟ. 'ಹೆಸರಿಗೆ ಮಾತ್ರ ಮಾಡಿಟ್ಟದ್ದು' ಎಂಬ ಮಾತು ಸಬ್‌ರಿಜಿಸ್ಟ್ರಾರ್ ಕಚೇರಿಯ ಕಾಗದದಲ್ಲಿ ಇರುವುದಿಲ್ಲ.

ಇನ್ನು ಜಗಳದ ಭಯ. ಪಾಲು ಮಾಡುವ ಕೆಲಸವನ್ನು ಅಲ್ಲಾಹನು ನಮ್ಮ ಕೈಗೆ ಬಿಟ್ಟೇ ಇಲ್ಲ. ಸೂರಃ ಅನ್ನಿಸಾದಲ್ಲಿ ಲೆಕ್ಕ ಇದೆ. 32 ಲಕ್ಷ ರೂಪಾಯಿ ಬೆಲೆಯ ಆಸ್ತಿ ಬಿಟ್ಟು ಒಬ್ಬರು ತೀರಿಹೋದರು, ಸಾಲ ಇಲ್ಲ, ಅವರ ತಂದೆತಾಯಿಯೂ ಈಗಿಲ್ಲ, ಇರುವುದು ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಎಂದಿಟ್ಟುಕೊಳ್ಳಿ. ಹೆಂಡತಿಗೆ ಎಂಟನೇ ಒಂದು ಭಾಗ, 4 ಲಕ್ಷ. ಉಳಿದ 28 ಲಕ್ಷದಲ್ಲಿ ಮಗನಿಗೆ 14, ಹೆಣ್ಣುಮಕ್ಕಳಿಗೆ ತಲಾ 7 ಲಕ್ಷ. ಇದರಲ್ಲಿ ಜಗಳಕ್ಕೆ ಜಾಗ ಎಲ್ಲಿದೆ? ನಿಜ ಹೇಳಬೇಕೆಂದರೆ, ಎಷ್ಟೋ ಮನೆಗಳಲ್ಲಿ ಅವಸರದ ಹಿಬಾದ ಹಿಂದಿರುವುದು ಜಗಳದ ಭಯ ಅಲ್ಲ, ಆ 7 ಲಕ್ಷ ಹೆಣ್ಣುಮಕ್ಕಳಿಗೆ ಹೋಗಬಾರದು ಎಂಬ ಲೆಕ್ಕಾಚಾರ. ಒಬ್ಬ ಮಗನಿಗೆ ಮಾತ್ರ ಕೊಟ್ಟ ಉಡುಗೊರೆಗೆ ಸಾಕ್ಷಿ ನಿಲ್ಲಲು ಪ್ರವಾದಿಯವರು (ಸ) ಒಪ್ಪಲಿಲ್ಲ ಎಂಬ ಹದೀಸನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ದೊಡ್ಡವರೂ ಒಮ್ಮೆ ನೆನಪು ಮಾಡಿಕೊಂಡರೆ ಒಳ್ಳೆಯದು.

ಆಸ್ಪತ್ರೆಯ ಮಂಚದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರೂ ಇದ್ದಾರೆ. ಮರಣಕ್ಕೆ ಕಾರಣವಾದ ಕಾಯಿಲೆಯಲ್ಲಿ ಮಾಡಿದ ಹಿಬಾ ವಸಿಯ್ಯತ್‌ನ ಲೆಕ್ಕಕ್ಕೆ ಬರುತ್ತದೆ. ಮೂರನೇ ಒಂದು ಭಾಗದ ಮೇಲೆ ನಡೆಯುವುದಿಲ್ಲ, ವಾರಸುದಾರನಿಗೆ ಕೊಟ್ಟದ್ದಾದರೆ ಉಳಿದ ವಾರಸುದಾರರು ಒಪ್ಪಬೇಕು. ನಮ್ಮ ಶರೀಅತ್ತೂ ಇದನ್ನೇ ಹೇಳುತ್ತದೆ, ದೇಶದ ಕೋರ್ಟುಗಳೂ ಇದನ್ನೇ ಹೇಳುತ್ತವೆ.

ಹಾಗಾದರೆ ಬರೆದಿಡಬೇಕಾದದ್ದು ಏನು? ಒಂದು, ಸಾಲ. ಕೊಡಬೇಕಾದದ್ದು, ಬರಬೇಕಾದದ್ದು, ಹೆಂಡತಿಗೆ ಬಾಕಿ ಇರುವ ಮಹರ್ ಎಲ್ಲವೂ. ಕಫನ್-ದಫನ್ ಖರ್ಚು, ಸಾಲ, ವಸಿಯ್ಯತ್ ಇವೆಲ್ಲ ಮುಗಿದ ಮೇಲೆಯೇ ಪಾಲು. ಎರಡು, ಗಲ್ಫ್ ದುಡ್ಡು. ತಂದೆಯ ಜಾಗದಲ್ಲಿ ಮಗ ದುಬೈಯಿಂದ ಕಳಿಸಿದ ದುಡ್ಡಿನಿಂದ ಮನೆ ಎದ್ದಿರುತ್ತದೆ. ಆ ದುಡ್ಡು ಸಾಲವೋ, ಪಾಲುದಾರಿಕೆಯೋ, ತಂದೆಗೆ ಕೊಟ್ಟ ಉಡುಗೊರೆಯೋ? ತಂದೆ ಇರುವಾಗ ಯಾರೂ ಕೇಳುವುದಿಲ್ಲ, ಹೋದ ಮೇಲೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಸಾಲದ ವ್ಯವಹಾರವನ್ನು ಸಾಕ್ಷಿ ಇಟ್ಟು ಬರೆಯಿರಿ ಎಂಬ ಆಜ್ಞೆಯೇ ಕುರ್‌ಆನಿನ ಅತಿ ಉದ್ದದ ಆಯತ್ ಆಗಿರುವುದು ಸುಮ್ಮನೆ ಅಲ್ಲ.

ಮೂರು, ವಸಿಯ್ಯತ್. ಇದು ಆಸ್ತಿಯ ಮೂರನೇ ಒಂದು ಭಾಗ ಮೀರಬಾರದು, ವಾರಸುದಾರರಿಗೆ ಇರುವಂಥದ್ದೂ ಅಲ್ಲ. ಹಾಗಾದರೆ ಯಾರಿಗೆ? ತಂದೆಗಿಂತ ಮೊದಲೇ ಮಗ ತೀರಿಹೋಗಿ, ಅವನ ಯತೀಂ ಮಕ್ಕಳು ಅಜ್ಜನ ಮನೆಯಲ್ಲಿದ್ದಾರೆ ಎಂದುಕೊಳ್ಳಿ. ಅಜ್ಜನಿಗೆ ಬೇರೆ ಗಂಡುಮಕ್ಕಳಿದ್ದರೆ ಈ ಮೊಮ್ಮಕ್ಕಳಿಗೆ ಪಾಲು ಬರುವುದಿಲ್ಲ. ಅಜ್ಜ ಎರಡು ಸಾಲು ವಸಿಯ್ಯತ್ ಬರೆದಿದ್ದರೆ ಅವರಿಗೊಂದು ನೆಲೆ ಆಗುತ್ತದೆ. ಬರೆಯದೆ ಹೋದರೆ ಚಿಕ್ಕಪ್ಪ, ದೊಡ್ಡಪ್ಪಂದಿರ ದಯೆಯೇ ಗತಿ. ಬಾಯಿಮಾತಿನ ವಸಿಯ್ಯತ್ತೂ ಸಿಂಧು, ಆದರೆ ಬರೆದು, ಇಬ್ಬರು ಸಾಕ್ಷಿ ಹಾಕಿ, ಸಾಧ್ಯವಾದರೆ ನೋಂದಣಿ ಮಾಡಿಸಿದರೆ ನಾಳೆ ತಕರಾರು ಇರುವುದಿಲ್ಲ.

ಬ್ಯಾಂಕಿನಲ್ಲಿ ನಾಮಿನಿ ಹಾಕಿದ ಮಾತ್ರಕ್ಕೆ ದುಡ್ಡು ಅವನದ್ದಾಗುವುದಿಲ್ಲ, ಅವನು ತೆಗೆದು ವಾರಸುದಾರರಿಗೆ ಮುಟ್ಟಿಸಬೇಕಾದವನು ಅಷ್ಟೆ. ಚಿಕಿತ್ಸೆಗೆಂದು ಒಂದಿಷ್ಟು ಹಣ ಸ್ವಂತ ಖಾತೆಯಲ್ಲಿರಲಿ, ಎಟಿಎಂ ಕಾರ್ಡು ನಿಮ್ಮ ಕೈಯಲ್ಲೇ ಇರಲಿ.

ಈಗಾಗಲೇ ಬರೆದುಕೊಟ್ಟು ಕಣ್ಣೀರು ಹಾಕುತ್ತಿರುವವರಿಗೂ ದಾರಿ ಇದೆ. 2007ರ ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯ. ಮಂಗಳೂರು, ಪುತ್ತೂರು, ಕುಂದಾಪುರದ ಸಹಾಯಕ ಆಯುಕ್ತರ (ಎಸಿ) ಕಚೇರಿಯಲ್ಲಿ ಅರ್ಜಿ ಕೊಡಬಹುದು, ವಕೀಲರೇ ಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅಲ್ಲಿದೆ. ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಬಹುದು. ಷರತ್ತು ಇತ್ತು ಎಂಬುದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ದಾನಪತ್ರವನ್ನು ರದ್ದು ಮಾಡುತ್ತಾ, ಹಿರಿಯರಿಗೆ ಅನುಕೂಲವಾಗುವಂತೆ ಈ ಕಾಯ್ದೆಯನ್ನು ಓದಬೇಕು ಎಂದಿತು. ಆದ್ದರಿಂದ ಯಾವುದೋ ಕಾರಣಕ್ಕೆ ಬರೆದುಕೊಡಲೇಬೇಕಾದರೆ ಮೊದಲು ಉಸ್ತಾದರನ್ನೂ ವಕೀಲರನ್ನೂ ಕೇಳಿ, ಆರೈಕೆಯ ಮಾತು ಪತ್ರದಲ್ಲೇ ಬರುವಂತೆ ನೋಡಿಕೊಳ್ಳಿ. ಸಲಹೆಗೆ ಹಿರಿಯರ ಸಹಾಯವಾಣಿ 14567 ಇದೆ.

'ಹೆತ್ತ ಮಕ್ಕಳ ಮೇಲೆ ಎಸಿ ಕಚೇರಿಗೆ ಹೋಗುವುದಾ? ಮಾನ ಏನಾಗಬೇಕು?' ಎಂದು ಕೇಳುವವರಿದ್ದಾರೆ. ಉಮ್ಮನಿಗೆ ಮದ್ದು ತರದವನ ಮಾನವನ್ನು ಉಮ್ಮ ಯಾಕೆ ಕಾಯಬೇಕು? ಒಳ್ಳೆಯ ಮಕ್ಕಳಿಗೂ ಒಂದು ಮಾತು: ಮನೆ ತಂದೆಯ ಹೆಸರಲ್ಲಿದ್ದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದರ್ಥವಲ್ಲ. ನೀವು ಮಾಡುವ ಸೇವೆ ಆಸ್ತಿಗಾಗಿ ಅಲ್ಲ ಎಂದು ಊರಿಗೆ ಗೊತ್ತಾಗುವುದೂ ಆಗಲೇ.

ಜಮಾಅತ್ ಕಮಿಟಿಗಳು ವರ್ಷಕ್ಕೊಂದು ದಿನ ಇಶಾ ನಮಾಝಿನ ನಂತರ ಉಸ್ತಾದರನ್ನೂ ಒಬ್ಬ ವಕೀಲರನ್ನೂ ಕೂರಿಸಿ ವಸಿಯ್ಯತ್ ಬರೆಯುವುದನ್ನು ಹೇಳಿಕೊಡಲಿ. ಹೆಂಗಸರಿಗೂ ಅಲ್ಲಿ ಜಾಗ ಇರಲಿ, ಯಾಕೆಂದರೆ ಕೊನೆಗೆ ಒಂಟಿಯಾಗಿ ಉಳಿಯುವುದು ಹೆಚ್ಚಾಗಿ ಉಮ್ಮಂದಿರೇ. ಮಯ್ಯಿತ್ ಎತ್ತಿದ ಮೇಲೆ ಪಂಚಾಯ್ತಿಗೆ ಕೂರುವ ಬದಲು ಈ ಕೆಲಸ ಮೊದಲೇ ಆಗಲಿ.